ಹೂವರ್ ಹುಟ್ಟಿದ ಊರಲ್ಲೇ ಈಗ ಹೂವರ್ ತಯಾರಾಗಲ್ಲ, ಯಾಕೆ?

ಪ್ರಶ್ನೆ: ಮಗ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದಾನೆ. ಮೂರು ತಿಂಗಳು ಅಲ್ಲಿದ್ದು ಬಂದೆ. ಅವನ ಮನೆಯ ಹೂವರ್ ವ್ಯಾಕ್ಯೂಮ್ ಕ್ಲೀನರ್ ತಿರುಗಿಸಿ ನೋಡಿದರೆ ‘ಮೇಡ್ ಇನ್ ಚೈನಾ’ ಅಂತಿತ್ತು. ಪಕ್ಕದ ಮನೆಯ ಅಜ್ಜಿ ಮಾತ್ರ ‘ಇದು ನಮ್ಮ ಒಹಾಯೊದ್ದೇ ಕಂಪನಿ, ಇಲ್ಲಿಂದ ಎರಡು ಗಂಟೆ ದಾರಿ’ ಅಂದರು. ಆ ಕಾರ್ಖಾನೆ ಏನಾಯಿತು? ಕೂಲಿ ಕಡಿಮೆ ಅಂತ ಚೀನಾಕ್ಕೆ ಹೋಯಿತು, ಅಷ್ಟೇನಾ?
– ಓದುಗರೊಬ್ಬರು, ಹಾಸನ

ಉತ್ತರ: ಅಷ್ಟೇ ಅಲ್ಲ. ಅಜ್ಜಿ ಹೇಳಿದ್ದು ಸರಿ, ಆ ಊರು ನಾರ್ತ್ ಕ್ಯಾಂಟನ್. ಪಕ್ಕದ ಕ್ಯಾಂಟನ್‌ನಲ್ಲಿ ಜೇಮ್ಸ್ ಮರೆ ಸ್ಪ್ಯಾಂಗ್ಲರ್ ಅಂತ ಒಬ್ಬರಿದ್ದರು. ಒಂದು ದೊಡ್ಡ ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ. ಉಬ್ಬಸ ಬೇರೆ ಇತ್ತು, ಗುಡಿಸುವಾಗ ಏಳುವ ಧೂಳಿಗೆ ಕೆಮ್ಮು ಜಾಸ್ತಿ ಆಗುತ್ತಿತ್ತು. ಅದನ್ನು ತಾಳಲಾರದೆ ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಗವಸು, ಇಂಥವನ್ನೇ ಜೋಡಿಸಿ ಧೂಳು ಎಳೆದುಕೊಳ್ಳುವ ಯಂತ್ರ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಕಾರ್ಖಾನೆ ಹಾಕಲು ದುಡ್ಡಿರಲಿಲ್ಲ. ಪರಿಚಯದ ಸೂಸನ್ ಹೂವರ್ ಅವರಿಗೆ ಆ ಯಂತ್ರ ಬಹಳ ಹಿಡಿಸಿತು. ಅವರ ಗಂಡ ವಿಲಿಯಂ ಹೂವರ್ ಕುದುರೆ ಜೀನು, ಚರ್ಮದ ಸಾಮಾನು ಮಾಡಿಸುತ್ತಿದ್ದವರು. ಕಾರುಗಳು ಬರುತ್ತಿದ್ದ ಕಾಲ ಅದು, ಜೀನಿನ ವ್ಯಾಪಾರ ಜಾಸ್ತಿ ದಿನ ನಡೆಯಲ್ಲ ಅಂತ ಅವರಿಗೆ ಗೊತ್ತಿತ್ತು. ಪೇಟೆಂಟ್ ಕೊಂಡು ಅದೇ ವರ್ಷ ಕಂಪನಿ ಶುರು ಮಾಡಿದರು. ಬ್ರಿಟನ್ನಿನಲ್ಲಿ ಇವತ್ತಿಗೂ ಮನೆಯ ಧೂಳು ತೆಗೆಯುವುದಕ್ಕೆ ‘ಹೂವರ್ ಮಾಡುವುದು’ ಅಂತಲೇ ಹೇಳುತ್ತಾರೆ, ಹೆಸರು ಅಷ್ಟು ಬಳಕೆಗೆ ಬಂದುಬಿಟ್ಟಿತು.

ಮುಂದಿನದ್ದನ್ನು ಸ್ವಲ್ಪ ನಿಧಾನವಾಗಿ ನೋಡಿ. 1985ರಲ್ಲಿ ಕಂಪನಿಯನ್ನು ಚಿಕಾಗೊ ಪೆಸಿಫಿಕ್ ಕೊಂಡಿತು. 1989ರಲ್ಲಿ ಅದು ವಾಷಿಂಗ್ ಮಷೀನ್ ಮಾಡುವ ಮೇಟ್ಯಾಗ್ ಕಂಪನಿಯ ಕೈಗೆ ಹೋಯಿತು. 2006ರಲ್ಲಿ ಮೇಟ್ಯಾಗನ್ನೇ ವರ್ಲ್‌ಪೂಲ್ ಕೊಂಡಿತು. ಅವರು ಹೂವರನ್ನು ಇಟ್ಟುಕೊಳ್ಳಲಿಲ್ಲ, ಮರುವರ್ಷವೇ ಹಾಂಗ್‌ಕಾಂಗಿನ ಟೆಕ್‌ಟ್ರಾನಿಕ್ ಇಂಡಸ್ಟ್ರೀಸ್‌ಗೆ ಮಾರಿದರು. ಹೀಗೆ ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಸಲ ಕೈ ಬದಲಾಯಿತು, ಆ ನಾಲ್ವರಲ್ಲಿ ಒಬ್ಬರೂ ಆ ಊರಿನವರಲ್ಲ. ಟೆಕ್‌ಟ್ರಾನಿಕ್‌ಗೆ ಚೀನಾದಲ್ಲಿ ಆಗಲೇ ದೊಡ್ಡ ಕಾರ್ಖಾನೆಗಳಿದ್ದವು. ಅವರಿಗೆ ಬೇಕಿದ್ದದ್ದು ಹೂವರ್ ಅನ್ನುವ ಹೆಸರು. 2007ರ ಸೆಪ್ಟೆಂಬರ್‌ನಲ್ಲಿ ನಾರ್ತ್ ಕ್ಯಾಂಟನ್ ಕಾರ್ಖಾನೆ ಮುಚ್ಚಿತು. ಶುರುವಾಗಿ ನೂರು ವರ್ಷ ತುಂಬಲು ಒಂದೇ ವರ್ಷ ಬಾಕಿ ಇತ್ತು.

ಕೂಲಿಯ ವ್ಯತ್ಯಾಸ ಸುಳ್ಳಲ್ಲ. ಆದರೆ ಅಮೆರಿಕ ಮತ್ತು ಚೀನಾ ನಡುವೆ ಆ ವ್ಯತ್ಯಾಸ 1985ರಲ್ಲೂ ಇತ್ತು, ಆಗ ಕಾರ್ಖಾನೆ ಹೋಗಲಿಲ್ಲ ಅಲ್ವಾ? ನನ್ನ ಮಟ್ಟಿಗೆ ಮೊದಲು ಬದಲಾದದ್ದು ಯಜಮಾನಿಕೆ. ಮಾಲೀಕರ ಮಕ್ಕಳೂ ಕಾರ್ಮಿಕರ ಮಕ್ಕಳೂ ಒಂದೇ ಊರಲ್ಲಿ ಬೆಳೆಯುವಾಗ ಕಾರ್ಖಾನೆ ಮುಚ್ಚುವುದು ಬಹಳ ಕಷ್ಟ, ದೂರದ ಕಚೇರಿಯಲ್ಲಿ ಕೂತವರಿಗೆ ಅದು ಲೆಕ್ಕದ ಪುಸ್ತಕದ ಒಂದು ಸಾಲು.

ಮತ್ತೆ ಹೋದರೆ ನಾರ್ತ್ ಕ್ಯಾಂಟನ್‌ಗೆ ಹೋಗಿಬನ್ನಿ. ಇಟ್ಟಿಗೆಯ ಹಳೇ ಕಟ್ಟಡ ಊರಿನ ಮುಖ್ಯ ರಸ್ತೆಯಲ್ಲೇ ಇದೆ.

ಪ್ರಶ್ನೆ: ನಾನು ಪೀಣ್ಯದಲ್ಲಿ ಡೈ ಮೇಕರ್, ಅಂದರೆ ಅಚ್ಚು ಮಾಡುವವನಾಗಿದ್ದೆ, ಈಗ ನಿವೃತ್ತ. ಡೈಸನ್ ವ್ಯಾಕ್ಯೂಮ್ ಕ್ಲೀನರ್ ಕಂಪನಿಯ ಮಾಲೀಕರು ಇಂಗ್ಲೆಂಡಿನವರೇ, ಸ್ವತಃ ಇಂಜಿನಿಯರು, ಕಂಪನಿಯೂ ಅವರದೇ. ಅವರೂ ಯಾಕೆ ಹೊರಗೆ ಹೋದರು?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಒಳ್ಳೇ ಪ್ರಶ್ನೆ ಸರ್. ಮೇಲೆ ನಾನು ಯಜಮಾನಿಕೆ ಬಗ್ಗೆ ಹೇಳಿದ್ದು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಜೇಮ್ಸ್ ಡೈಸನ್ 5,127 ಮಾದರಿ ಮಾಡಿ ನೋಡಿ, ಚೀಲವಿಲ್ಲದ ಕ್ಲೀನರ್ ಸಾಧಿಸಿದವರು. ವಿಲ್ಟ್‌ಶೈರಿನ ಮಾಮ್ಸ್‌ಬರಿಯಲ್ಲಿ ಕಾರ್ಖಾನೆ ಇತ್ತು. 2002ರಲ್ಲಿ ಕ್ಲೀನರ್ ತಯಾರಿಕೆಯನ್ನು ಮಲೇಷ್ಯಾಕ್ಕೆ ಸಾಗಿಸಿದರು, ಸುಮಾರು 800 ಜನರ ಕೆಲಸ ಹೋಯಿತು. ಕಾರ್ಖಾನೆ ದೊಡ್ಡದು ಮಾಡಲು ಅನುಮತಿ ಸಿಗಲಿಲ್ಲ, ಬಿಡಿಭಾಗ ಮಾಡುವವರೆಲ್ಲ ಏಷ್ಯಾದಲ್ಲಿದ್ದಾರೆ ಅಂತ ಕಾರಣ ಕೊಟ್ಟರು.

ಎರಡನೇ ಕಾರಣ ನಿಮಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಕ್ಲೀನರ್ ಅಂದರೆ ಮುಕ್ಕಾಲು ಪಾಲು ಪ್ಲಾಸ್ಟಿಕ್. ಜೊತೆಗೆ ಒಂದು ಮೋಟಾರು, ಫ್ಯಾನು, ಪೈಪು, ಬ್ರಷ್ಷು, ವಯರು. ಮೋಲ್ಡ್, ಅಂದರೆ ಪ್ಲಾಸ್ಟಿಕ್ಕಿನ ಅಚ್ಚು ಮಾಡುವ ಟೂಲ್ ರೂಮ್ ಹತ್ತಿರವಿದ್ದರೆ ಅಚ್ಚಿನಲ್ಲಿ ಒಂದು ಕೂದಲೆಳೆ ತಪ್ಪಿದರೂ ಸಂಜೆಯೊಳಗೆ ತಿದ್ದಿಸಿಕೊಳ್ಳಬಹುದು, ದೂರವಿದ್ದರೆ ಅದೇ ಕೆಲಸಕ್ಕೆ ವಾರಗಟ್ಟಲೆ ಕಾಯಬೇಕು. ಪೀಣ್ಯದಲ್ಲಿ ಒಂದು ಶೆಡ್‌ನಲ್ಲಿ ಡೈ, ಎದುರು ಶೆಡ್‌ನಲ್ಲಿ ಮೋಲ್ಡಿಂಗ್, ಮುಂದಿನ ಬೀದಿಯಲ್ಲಿ ಪ್ಲೇಟಿಂಗ್ ಇರುವುದರ ಬೆಲೆ ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಬ್ರಿಟನ್ನಿನಲ್ಲಿ ಅಂಥ ಬೀದಿಗಳು ಒಂದೊಂದಾಗಿ ಖಾಲಿಯಾದವು. ಚೀನಾದ ಸುಝೌ ಸುತ್ತಮುತ್ತ ಬೆಳೆದವು. ಅಲ್ಲಿನ ಇಕೊವ್ಯಾಕ್ಸ್ ಕಂಪನಿ 1998ರಲ್ಲಿ ಬೇರೆಯವರ ಹೆಸರಿನ ಕ್ಲೀನರ್ ಮಾಡಿಕೊಡುವ ಕೆಲಸದಿಂದ ಶುರುವಾಯಿತು. ಈಗ ತನ್ನದೇ ಹೆಸರಿನ ರೋಬೋಟ್ ಕ್ಲೀನರುಗಳನ್ನು ಜಗತ್ತಿಗೆಲ್ಲ ಮಾರುತ್ತಿದೆ.

ಹೀಗೆ ಮೊದಲು ಬಿಡಿಭಾಗ ಹೋಗುತ್ತದೆ. ಆಮೇಲೆ ಜೋಡಣೆ ಹೋಗುತ್ತದೆ. ಕೊನೆಗೆ ಹೆಸರೂ ಹೋಗುತ್ತದೆ. 2002ರಲ್ಲಿ ರೂಂಬಾ ಅನ್ನುವ ರೋಬೋಟ್ ಕ್ಲೀನರ್ ತಂದ ಅಮೆರಿಕದ ಐರೋಬೋಟ್ ಕಂಪನಿ 2025ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದನ್ನು ಕೊಳ್ಳಲು ಮುಂದೆ ಬಂದವರು ಯಾರು ಗೊತ್ತಾ? ಅದಕ್ಕೆ ರೂಂಬಾ ಮಾಡಿಕೊಡುತ್ತಿದ್ದ ಚೀನಾದ ಪೈಸಿಯಾ. ಈ ಸುದ್ದಿ ಓದಿದ ದಿನ ನನಗೆ ನಿಜವಾಗಿ ಬೇಜಾರಾಯಿತು. ಚೀನಾದವರ ಮೇಲೆ ಕೋಪ ಬಂದು ಅಲ್ಲ, ಅವರು ಕಷ್ಟಪಟ್ಟು ಕಲಿತರು. ಕಲಿತದ್ದನ್ನು ಕೈಯಾರೆ ಬಿಟ್ಟುಕೊಟ್ಟವರನ್ನು ನೆನೆದು ಬೇಜಾರು.

ಕಾರ್ಮಿಕರ ಕಡೆಯಿಂದಲೂ ಒಂದು ಮಾತು. 1993ರಲ್ಲಿ ಯುರೋಪಿನ ಹೂವರ್ ಕಂಪನಿ ಫ್ರಾನ್ಸಿನ ಡಿಜಾನ್ ಹತ್ತಿರದ ಕಾರ್ಖಾನೆ ಮುಚ್ಚಿ, ಕೆಲಸವನ್ನು ಸ್ಕಾಟ್ಲೆಂಡಿನ ಕೇಂಬಸ್ಲಾಂಗ್‌ಗೆ ತಂದಿತು. ಫ್ರಾನ್ಸಿನಲ್ಲಿ ಸುಮಾರು 600 ಜನ ಕೆಲಸ ಕಳೆದುಕೊಂಡರು. ಸ್ಕಾಟ್ಲೆಂಡಿನ ಕಾರ್ಮಿಕರು ಅದಕ್ಕಾಗಿ ಬಿಗಿಯಾದ ಷರತ್ತುಗಳಿಗೆ ಒಪ್ಪಿಕೊಂಡಿದ್ದರು. ಆದರೂ 2000ರ ದಶಕದಲ್ಲಿ ಕೇಂಬಸ್ಲಾಂಗ್‌ನ ಕ್ಲೀನರ್ ಕೆಲಸವೂ ಚೀನಾಕ್ಕೆ ಹೋಯಿತು. ಎಷ್ಟು ಬಗ್ಗಿದರೂ ಕೆಲಸ ಉಳಿಯಲಿಲ್ಲ.

ಪ್ರಶ್ನೆ: ಎಂಬತ್ತರ ದಶಕದಲ್ಲಿ ಟೈ ಕಟ್ಟಿದ ಹುಡುಗರು ಮನೆಗೆ ಬಂದು ನಮ್ಮ ಕಾರ್ಪೆಟ್ ಮೇಲೇ ತೋರಿಸಿ ಯುರೇಕಾ ಫೋರ್ಬ್ಸ್ ಕ್ಲೀನರ್ ಮಾರುತ್ತಿದ್ದರು. ಅಮೆರಿಕದ ಯುರೇಕಾಗೂ ಅದಕ್ಕೂ ಸಂಬಂಧ ಇದೆಯಾ? ಮತ್ತೆ, ತನ್ನ ಊರಲ್ಲೇ ಉಳಿದ ಕ್ಲೀನರ್ ಯಾವುದಾದರೂ ಇದೆಯಾ?
– ಓದುಗರೊಬ್ಬರು, ಮೈಸೂರು

ಉತ್ತರ: ಸಂಬಂಧ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯ ಮೂಲಕ ಇದೆ ಅಮ್ಮ. ಅಮೆರಿಕದ ಯುರೇಕಾವನ್ನು ಅವರು 1974ರಲ್ಲಿ ಕೊಂಡಿದ್ದರು. 1982ರಲ್ಲಿ ಅವರೇ ನಮ್ಮ ದೇಶದ ಫೋರ್ಬ್ಸ್ ಕಂಪನಿ ಜೊತೆ ಸೇರಿ ಯುರೇಕಾ ಫೋರ್ಬ್ಸ್ ಶುರು ಮಾಡಿದರು, ಆಗ ಫೋರ್ಬ್ಸ್ ಟಾಟಾ ಗುಂಪಿನಲ್ಲಿತ್ತು. ಅಮೆರಿಕದ ಯುರೇಕಾ 2016ರಲ್ಲಿ ಚೀನಾದ ಮಿಡಿಯಾ ಅನ್ನುವ ಕಂಪನಿಯ ಪಾಲಾಯಿತು.

ಉಳಿದವೂ ಇವೆ. ಇಂಗ್ಲೆಂಡಿನ ಸಾಮರ್ಸೆಟ್‌ನ ಚಾರ್ಡ್ ಅನ್ನುವ ಊರಲ್ಲಿ ನುಮ್ಯಾಟಿಕ್ ಕಂಪನಿ ‘ಹೆನ್ರಿ’ ಮಾಡುತ್ತಿದೆ. ಕೆಂಪು ಡಬ್ಬಿ, ಮೇಲೆ ನಗುವ ಮುಖ, ಪೈಪೇ ಮೂಗು. ಆಸ್ಪತ್ರೆ, ಶಾಲೆ, ಕಚೇರಿ ಗುಡಿಸುವವರಿಗೆ ಅದು ಅಚ್ಚುಮೆಚ್ಚು. ಜರ್ಮನಿಯಲ್ಲಿ ಸೆಬೊ ಇದೆ, ಅಮೆರಿಕದ ಮಿಷಿಗನ್‌ನಲ್ಲಿ ರೇನ್‌ಬೋ ಇದೆ. ಇವು ಅಗ್ಗದ ಯಂತ್ರಗಳ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯಲಿಲ್ಲ. ಹೆನ್ರಿಯ ರೂಪ ವರ್ಷಾನುಗಟ್ಟಲೆ ಹಾಗೇ ಇದೆ, ಅದರಿಂದ ಹತ್ತಾರು ವರ್ಷ ಹಳೆಯ ಹೆನ್ರಿಗೂ ಹೊಸ ಮೋಟಾರು, ಪೈಪು ಸಿಗುತ್ತದೆ. ಬಿಚ್ಚಲು ಒಂದು ಸ್ಕ್ರೂಡ್ರೈವರ್ ಸಾಕು. ನೀವು ಯಾವ ಕಂಪನಿಯದೇ ಕೊಳ್ಳಿ, ದುಡ್ಡು ಕೊಡುವ ಮೊದಲು ಅಂಗಡಿಯವರನ್ನು ಕೇಳಿ: ಐದು ವರ್ಷ ಆದ ಮೇಲೆ ಇದರ ಪೈಪು, ಬ್ರಷ್ಷು, ಮೋಟಾರು ಬಿಡಿಯಾಗಿ ಸಿಗುತ್ತದಾ, ಯಾರ ಹತ್ತಿರ ಸಿಗುತ್ತದೆ?