ಬಾಂಡ್‌ಗೆ ಬೆಲೆ ಇಲ್ಲ ಎಂದು ಯಾರು ಹೇಳಿದರು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸಕ್ಕೆ ಸೇರುವಾಗ ಬರೆಸಿಕೊಳ್ಳುವ ಬಾಂಡ್ ಬಗ್ಗೆಯೇ ಇವೆ. ಹೋದ ಸಲವೂ ಹಾಗೇ ಇತ್ತು. ಕಾನೂನು ಕಾಲೇಜಿನಲ್ಲಿ ಕರಾರು ಕಾಯ್ದೆ, ಕಾರ್ಮಿಕ ಕಾನೂನು ಪಾಠ ಮಾಡುತ್ತಲೇ ತಲೆ ನರೆತವಳು ನಾನು. ಸಹಿ ಹಾಕುವ ಮೊದಲು ಬಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಹಾಗಾಗಿ ಇವತ್ತು ಒಂದೇ ಪ್ರಶ್ನೆಗೆ ಉದ್ದದ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

*ಮೇಡಂ, ಬಿಇ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರಿ ಎಂಟು ತಿಂಗಳಾಯಿತು. ಎರಡು ವರ್ಷದ ಬಾಂಡ್ ಇದೆ. ಮಧ್ಯೆ ಬಿಟ್ಟರೆ ಮೂರು ಲಕ್ಷ ಕಟ್ಟಬೇಕಂತೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ಸಹಿ ಮಾಡಿದ ಖಾಲಿ ಚೆಕ್ ಇಸ್ಕೊಂಡಿದ್ದಾರೆ. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿದೆ. ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಸುಮ್ನೆ ಬಿಟ್ಟು ಹೋಗು ಅಂತ ಒಬ್ಬ ಲಾಯರ್ ವಿಡಿಯೊದಲ್ಲಿ ಹೇಳ್ತಾರೆ. ನಿಜವಾ? — ಹಾಸನದ ಯುವಕ*

ನಿಜವಲ್ಲ. ಅಂಥ ವಿಡಿಯೊ ನೋಡಿ ಕೆಲಸ ಬಿಟ್ಟು, ವಕೀಲರ ನೋಟಿಸ್ ಬಂದ ಮೇಲೆ ಕೈಕಾಲು ನಡುಗಿಸಿಕೊಂಡು ನನ್ನ ಹತ್ತಿರ ಬಂದ ಮಕ್ಕಳನ್ನು ಕಂಡಿದ್ದೇನೆ. ಸಿಟ್ಟು ಬರುವುದು ಆ ಮಕ್ಕಳ ಮೇಲಲ್ಲ. ಅರ್ಧ ಕಾನೂನು ಹೇಳಿ ಧೈರ್ಯ ತುಂಬುವವರ ಮೇಲೆ.

ಅವರು ಹೇಳುವ ಅರ್ಧ ಇದು: 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬನನ್ನು ದುಡಿಯದಂತೆ ತಡೆಯುವ ಕರಾರು ಅನೂರ್ಜಿತ. ಸರಿ. ‘ಕೆಲಸ ಬಿಟ್ಟ ಮೇಲೆ ಒಂದು ವರ್ಷ ಇಂಥ ಕಂಪನಿ ಸೇರಬಾರದು’ ಎಂದು ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ. ಆದರೆ ಕೆಲಸದಲ್ಲಿ ಇರುವಷ್ಟು ಕಾಲಕ್ಕೆ ಹಾಕುವ ಷರತ್ತಿನ ಲೆಕ್ಕವೇ ಬೇರೆ, ಅದು ಸಾಮಾನ್ಯವಾಗಿ ನಿಲ್ಲುತ್ತದೆ. 1967ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ.

2025ರ ಮೇ ತಿಂಗಳಲ್ಲಿ ಮತ್ತೆ ಹೇಳಿತು. ಅದು ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕೇಸು. ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟರು. ಬಾಂಡ್ ಪ್ರಕಾರ ಎರಡು ಲಕ್ಷ ಕಟ್ಟಿ, ಆಮೇಲೆ ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ಮಾಡಿ, ಆಯ್ಕೆ ಮಾಡಬೇಕು. ನಡುವೆ ಬಿಟ್ಟರೆ ಆ ಖರ್ಚೆಲ್ಲ ಮತ್ತೆ ಬೀಳುತ್ತದೆ. ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಎರಡು ಲಕ್ಷ ವಿಪರೀತವೂ ಅಲ್ಲ ಎಂದಿತು ಕೋರ್ಟು.

ಈ ತೀರ್ಪು ಹಿಡಿದು ಈಗ ಕಂಪನಿಗಳ ಎಚ್‌ಆರ್‌ಗಳು ಉಲ್ಟಾ ಹೆದರಿಸಲು ಶುರು ಮಾಡಿದ್ದಾರೆ. ‘ನೋಡಿ, ಸುಪ್ರೀಂ ಕೋರ್ಟೇ ಹೇಳಿದೆ, ಮೂರು ಲಕ್ಷ ಇಡಿ’ ಅಂತ. ಅದೂ ಅರ್ಧ ಸುಳ್ಳು. ಬರೆದ ಮೊತ್ತ ಹಾಗೇ ಕೈಗೆ ಬರುವುದಿಲ್ಲ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಕರಾರಿನಲ್ಲಿ ಬರೆದ ಅಂಕಿ ಅದಕ್ಕೆ ಮೇಲಿನ ಮಿತಿ ಅಷ್ಟೆ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಹಾಗಾದರೆ ನಿಮ್ಮ ಕಂಪನಿ ನಿಮ್ಮ ಮೇಲೆ ಏನು ಖರ್ಚು ಮಾಡಿತು?

ನೀವು ಕಳಿಸಿದ ನಕಲನ್ನು ಪೂರ್ತಿ ಓದಿದೆ. ನೂರು ರೂಪಾಯಿಯ ಛಾಪಾ ಕಾಗದ, ಅದರ ಹಿಂದೆ ಹದಿಮೂರು ಹಾಳೆ. ಪ್ರತಿ ಹಾಳೆಯ ಕೆಳಗೂ ನಿಮ್ಮ ಸಹಿ ಇದೆ. ಕಂಪನಿಯವರು ಸಹಿ ಮಾಡುವ ಜಾಗ ಖಾಲಿ. ತಾರೀಖಿನ ಜಾಗವೂ ಖಾಲಿ. ಟ್ರೈನಿಂಗ್ ಎಂದು ಬರೆದಿರುವುದು ಹನ್ನೊಂದು ದಿನ, ಅದೂ ಅವರ ಆಫೀಸಿನಲ್ಲೇ, ಅವರದೇ ನೌಕರರಿಂದ. ಒಂಬತ್ತನೇ ಪುಟದಲ್ಲಿ ಇನ್ನೊಂದು ಸಾಲಿದೆ, ನೀವು ಗಮನಿಸಿದಂತಿಲ್ಲ. ಕಂಪನಿ ನಿಮ್ಮನ್ನು ಏಳು ದಿನದ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ತೆಗೆಯಬಹುದು. ನಿಮಗೆ ಎರಡು ವರ್ಷ, ಅವರಿಗೆ ಏಳು ದಿನ!

ನಾನು ಇಷ್ಟು ವರ್ಷ ಕ್ಲಾಸಿನಲ್ಲಿ ಬಡಿದುಕೊಂಡಿದ್ದು ಇದನ್ನೇ. 1986ರಲ್ಲಿ ಕೋಲ್ಕತ್ತದ ಒಂದು ಸರ್ಕಾರಿ ಜಲಸಾರಿಗೆ ನಿಗಮದ ಕೇಸಿನಲ್ಲಿ ಇಂಥದೇ ನಿಯಮ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕಾರಣ ಕೊಡದೆ, ಮೂರು ತಿಂಗಳ ನೋಟಿಸ್ ಕೊಟ್ಟು ಕಾಯಂ ನೌಕರನನ್ನು ತೆಗೆಯುವ ನಿಯಮ ಅದು. ಕೋರ್ಟು ಅದನ್ನು ಹೊಡೆದುಹಾಕಿತು. ಒಂದು ಕಡೆಯವರಿಗೆ ಚೌಕಾಸಿ ಮಾಡುವ ಶಕ್ತಿಯೇ ಇಲ್ಲ, ತೋರಿಸಿದ ಕಡೆ ಸಹಿ ಹಾಕುವುದು ಬಿಟ್ಟರೆ ದಾರಿಯಿಲ್ಲ ಎನ್ನುವಾಗ ಅನ್ಯಾಯದ ಷರತ್ತಿಗೆ ಕೋರ್ಟು ಬಲ ಕೊಡುವುದಿಲ್ಲ ಎಂದಿತು. ಖಾಸಗಿ ಕಂಪನಿಗೆ ಆ ತೀರ್ಪು ನೇರವಾಗಿ ಅಂಟುವುದಿಲ್ಲ, ಒಪ್ಪುತ್ತೇನೆ. ಆದರೂ ನಿಮ್ಮ ವಕೀಲರು ಆ ಒಂಬತ್ತನೇ ಪುಟವನ್ನು ನ್ಯಾಯಾಧೀಶರಿಗೆ ತೋರಿಸಲೇಬೇಕು.

ಮಾರ್ಕ್ಸ್ ಕಾರ್ಡ್ ವಿಷಯಕ್ಕೆ ಬರೋಣ. ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಫೀಸು ಬಾಕಿ ಇದೆ ಎಂದು ಕಕ್ಷಿದಾರನ ಫೈಲು ಹಿಡಿದಿಟ್ಟುಕೊಂಡ ವಕೀಲರೊಬ್ಬರಿಗೇ ಸುಪ್ರೀಂ ಕೋರ್ಟ್ 2000ದಲ್ಲಿ ಬುದ್ಧಿ ಹೇಳಿತ್ತು. ಕಾಗದಪತ್ರ ಮಾರುವ ಸರಕಲ್ಲ, ಬಾಕಿಗೆ ಅಡವಾಗಿ ಇಟ್ಟುಕೊಳ್ಳಲು ಬರುವುದಿಲ್ಲ ಎಂದು. ನಿಮ್ಮ ಮಾರ್ಕ್ಸ್ ಕಾರ್ಡಿಗೂ ಅದೇ ತರ್ಕ ಹೊಂದುತ್ತದೆ. ವಾಪಸ್ ಕೊಡಿ ಎಂದು ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಬೇಡ, ಕ್ಯಾಂಟೀನಿನಲ್ಲಿ ನಿಂತು ಕೇಳುವುದಂತೂ ಬೇಡವೇ ಬೇಡ. ಉತ್ತರ ಬರದಿದ್ದರೆ ವಕೀಲರ ನೋಟಿಸ್ ಕೊಡಿಸಿ.

ನನಗೆ ನಿಜವಾಗಿ ಭಯ ಇರುವುದು ಆ ಚೆಕ್ಕಿನ ಬಗ್ಗೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟರೂ, ಸಾಲಕ್ಕೇ ಕೊಟ್ಟದ್ದು ಎಂಬ ಊಹೆಯಿಂದಲೇ ಕೋರ್ಟು ಶುರು ಮಾಡುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಆದ್ದರಿಂದ ಇವತ್ತೇ ಒಂದು ಇಮೇಲ್ ಹಾಕಿ: ಕೆಲಸಕ್ಕೆ ಸೇರುವಾಗ ಭದ್ರತೆಗೆಂದು ಇಂಥ ನಂಬರಿನ ಖಾಲಿ ಚೆಕ್ ಪಡೆದಿದ್ದೀರಿ, ನಾನು ನಿಮಗೆ ಯಾವ ಹಣವನ್ನೂ ಕೊಡಬೇಕಿಲ್ಲ, ಚೆಕ್ ವಾಪಸ್ ಕೊಡಿ. ಚೆಕ್ ಬೌನ್ಸ್ ನೋಟಿಸ್ ಬಂದರೆ ಕೈಯಲ್ಲಿರುವುದು ಹದಿನೈದು ದಿನ. ಸುಮ್ನೆ ಕೂರಬೇಡಿ.

ಇನ್ನು ‘ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ’ ಎಂಬ ಬೆದರಿಕೆ. ಕರಾರು ಮುರಿಯುವುದು ಅಪರಾಧವಲ್ಲ. ಅವರು ಹೋಗಬೇಕಾದದ್ದು ಸಿವಿಲ್ ಕೋರ್ಟಿಗೆ. ಯಾವ ಕೋರ್ಟೂ ನಿಮ್ಮನ್ನು ಎಳೆದು ತಂದು ಅದೇ ಕುರ್ಚಿಯಲ್ಲಿ ಕೂರಿಸುವುದಿಲ್ಲ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡುತ್ತಿದ್ದೆ. ಟ್ರೈನಿಂಗ್ ಖರ್ಚಿನ ಲೆಕ್ಕ ಬರಹದಲ್ಲಿ ಕೇಳುತ್ತಿದ್ದೆ. ನ್ಯಾಯವೆನಿಸುವ ಸಣ್ಣ ಮೊತ್ತ ಕೊಟ್ಟು, ಬಾಕಿ ಏನೂ ಇಲ್ಲ ಎಂದು ಬರೆಸಿಕೊಂಡು ಹೊರಬೀಳುತ್ತಿದ್ದೆ. ಇದು ಪುಕ್ಕಲು ಸಲಹೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಜಗಳ ಆಡುತ್ತಾರೆ. ಆಡಲಿ. ಇಪ್ಪತ್ತಮೂರರ ಹುಡುಗ ತಿಂಗಳಿಗೊಮ್ಮೆ ರಜೆ ಹಾಕಿ ಕೋರ್ಟಿನ ಕಾರಿಡಾರಿನಲ್ಲಿ ನಿಲ್ಲುವುದನ್ನು ನೋಡಲು ನನಗೆ ಇಷ್ಟವಿಲ್ಲ.

*ಬಿಟ್ಟ ಕಂಪನಿ ಕೊನೇ ಸಂಬಳ ಕೊಡಲು 45 ದಿನ ಬೇಕು ಅನ್ನುತ್ತಿದೆ.*

ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಆಗಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.

*ಐಟಿಯವರಿಗೆ ಲೇಬರ್ ಲಾ ಅನ್ವಯ ಆಗಲ್ಲ, ಅಲ್ವಾ?*

ಆಗುತ್ತದೆ. ಕರ್ನಾಟಕದಲ್ಲಿ ಐಟಿಗೆ ವಿನಾಯಿತಿ ಕೊಟ್ಟಿದ್ದು ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯೊಂದರಿಂದ ಮಾತ್ರ, ಅದೂ ಷರತ್ತು ಹಾಕಿ.

*ಮಗಳು ಎಲ್‌ಎಲ್‌ಬಿ ಮುಗಿಸಿ ಸೀನಿಯರ್ ವಕೀಲರ ಆಫೀಸಿಗೆ ಹೋಗುತ್ತಿದ್ದಾಳೆ. ಎಂಟು ತಿಂಗಳಾದರೂ ಬಸ್ ಚಾರ್ಜೂ ಕೊಟ್ಟಿಲ್ಲ. ಕಲಿಯುವಾಗ ಹಾಗೇ ಇರುತ್ತಾ? — ದಾವಣಗೆರೆಯ ತಂದೆ*

ಇರಬಾರದು. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯರಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದಿತು. ಆದರೆ ಅದು ಸಲಹೆ, ಕಡ್ಡಾಯವಲ್ಲ. ಇದು ನನಗೆ ತೀರಾ ನೋವಿನ ವಿಷಯ. ಸಂಬಳವಿಲ್ಲದೆ ಮೂರು ವರ್ಷ ತಳ್ಳಲು ಆಗುವುದು ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರಿಗೆ. ಪಿಜಿ ಬಾಡಿಗೆ ಕಟ್ಟುವ ಹುಡುಗಿ ವರ್ಷ ತುಂಬುವುದರೊಳಗೆ ಊರಿಗೆ ವಾಪಸ್. ಕನಿಷ್ಠ ಕೂಲಿಯ ಕೇಸು ವಾದಿಸುವ ಆಫೀಸಿನಲ್ಲೇ ಜೂನಿಯರ್‌ಗೆ ಏನೂ ಸಿಗದಿದ್ದರೆ, ನಾವು ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದಾದರೂ ಏನು? ಮಗಳಿಗೆ ಆಫೀಸು ಬದಲಿಸಲು ಹೇಳಿ. ಸೇರುವ ಮೊದಲೇ ‘ಎಷ್ಟು ಕೊಡುತ್ತೀರಿ’ ಎಂದು ಕೇಳುವುದು ಮರ್ಯಾದೆಗೇಡಲ್ಲ. ನೀವು ಪರಿಶಿಷ್ಟ ಜಾತಿಯವರಾದರೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕಾನೂನು ಪದವೀಧರರ ತರಬೇತಿ ಭತ್ಯೆ ವಿಚಾರಿಸಿ.

*ವಕೀಲಿ ಸನ್ನದು ನೋಂದಣಿಗೆ ಸಾವಿರಾರು ರೂಪಾಯಿ ಆಗುತ್ತಾ?*

2024ರ ಜುಲೈನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ. ನಡುವೆ ‘ಮಾಡಿಸಿಕೊಡ್ತೀನಿ’ ಎನ್ನುವವರ ಕೈಗೆ ದುಡ್ಡು ಕೊಡಬೇಡಿ.