ಓದುಗರ ಪ್ರಶ್ನೆ: ವಿಡಿಯೊದಲ್ಲಿ ಬರೆದುಕೊಟ್ಟ ಮಾತ್ರೆ

ಪ್ರಶ್ನೆ: ತಮ್ಮನಿಗೆ 24 ವರ್ಷ. ಎರಡು ತಿಂಗಳಿಂದ ಯಾರೋ ಬೈಯುವ ದನಿ ಕೇಳಿಸುತ್ತದೆ ಅನ್ನುತ್ತಾನೆ. ಊಟದಲ್ಲಿ ಏನೋ ಕಲಸಿದ್ದಾರೆಂದು ತಾನೇ ರೊಟ್ಟಿ ಸುಟ್ಟುಕೊಳ್ಳುತ್ತಾನೆ. ಆಸ್ಪತ್ರೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಾನೆ, ಆದರೆ ಮೊಬೈಲಿನಲ್ಲಿ ಮಾತಾಡಲು ಒಪ್ಪಿದ್ದಾನೆ. ಬೆಂಗಳೂರಿನ ಡಾಕ್ಟರು ವಿಡಿಯೊದಲ್ಲಿ ನೋಡಿ ಬರೆದ ಚೀಟಿಗೆ ಇಲ್ಲಿಯ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಸಿಗುತ್ತದೆಯೇ? — ಸಿಂಧನೂರು

ಉತ್ತರ: ಚೀಟಿ ಸರಿಯಾಗಿದ್ದರೆ ಸಿಗುತ್ತದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ದೂರದಿಂದ ನೋಡಬಹುದು. ಆದರೆ ಎಲ್ಲ ಔಷಧಿಯೂ ಒಂದೇ ಪಟ್ಟಿಯಲ್ಲಿಲ್ಲ. ಕೆಲವನ್ನು ಮೊದಲ ಸಲವೇ ಬರೆಯಬಹುದು, ಅದೂ ವಿಡಿಯೊದಲ್ಲಿ ರೋಗಿಯನ್ನು ಕಂಡ ಮೇಲೆ. ಕೆಲವು, ಹಿಂದೆ ಎದುರಾಎದುರು ನೋಡಿದ ರೋಗಿಗೆ ಮುಂದುವರಿಸಲು ಮಾತ್ರ. ಬಿಗಿ ನಿಯಂತ್ರಣವಿರುವ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿರುವಂಥವನ್ನು ಬರೆಯುವಂತೆಯೇ ಇಲ್ಲ. ಹಾಗಾಗಿ ‘ಒಂದು ಸಲ ಕರೆದುಕೊಂಡು ಬನ್ನಿ’ ಎಂದ ಡಾಕ್ಟರು ನುಣುಚಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಡಿ. ಅನುಮಾನ ಪಡಬೇಕಾದದ್ದು, ರೋಗಿಯ ಮುಖವನ್ನೇ ನೋಡದೆ ಮನೆಯವರ ಮಾತು ಕೇಳಿ ಹೊಸ ಮಾತ್ರೆ ಬರೆದುಬಿಡುವವರ ಮೇಲೆ.

ಚೀಟಿಯಲ್ಲಿ ಡಾಕ್ಟರರ ಹೆಸರು, ನೋಂದಣಿ ಸಂಖ್ಯೆ, ಸಹಿ, ತಾರೀಖು, ರೋಗಿಯ ಹೆಸರು, ವಯಸ್ಸು, ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಲ್ಲವೂ ಇರಬೇಕು. ದನಿ, ಸಂಶಯ ಇಳಿಸುವ ಆಂಟಿಸೈಕೋಟಿಕ್ ಮಾತ್ರೆಗಳು ಡಾಕ್ಟರರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್‌ಗೆ ಸೇರಿದವು. ಅರ್ಧಂಬರ್ಧ ಚೀಟಿಗೆ ಅಂಗಡಿಯವರು ‘ಇಲ್ಲ’ ಎಂದರೆ ಅವರದೇ ಸರಿ. ಸ್ಟ್ರಿಪ್ ಕೈಗೆ ಬಂದಾಗ ಚೀಟಿಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡಿ. ಇಂಥ ಮಾತ್ರೆಗಳಲ್ಲೊಂದಾದ ರಿಸ್ಪೆರಿಡೋನ್ 2 ಮಿ.ಗ್ರಾಂ ಒಂದೇ ಇರುವ ಮಾತ್ರೆಯೂ ಸಿಗುತ್ತದೆ, ಅದರ ಜೊತೆ ಸ್ನಾಯು ಹಿಡಿತದಂಥ ಅಡ್ಡಪರಿಣಾಮ ತಗ್ಗಿಸುವ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ಸೇರಿಸಿದ್ದೂ ಸಿಗುತ್ತದೆ. ಕಂಪನಿ ಹೆಸರಿನ ಬಾಲಕ್ಕೆ ‘ಪ್ಲಸ್’, ‘ಫೋರ್ಟ್’ ಅಂಟಿಕೊಂಡಿದ್ದರೆ ಒಳಗಿನ ಔಷಧಿಯೋ ಪ್ರಮಾಣವೋ ಬದಲಾಗಿರುತ್ತದೆ. ‘ಅದೇ ಇದು’ ಎಂಬ ಮಾತನ್ನು ನಂಬಿ ನುಂಗಿಸಬೇಡಿ. ಫೋಟೊ ತೆಗೆದು ಡಾಕ್ಟರರಿಗೆ ಕಳಿಸಿ.

ವಿಡಿಯೊಗೆ ಕೂರುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ನಿದ್ದೆ ಕೆಟ್ಟದ್ದು ಎಂದಿನಿಂದ, ಜ್ವರ, ತಲೆಗೆ ಪೆಟ್ಟು, ಫಿಟ್ಸ್ ಇತ್ತೇ, ಗಾಂಜಾ–ಕುಡಿತ ಉಂಟೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೂಕ, ಬಿ.ಪಿ., ಶುಗರ್ ನೋಡಿಸಿಕೊಂಡಿದ್ದರೆ ಅರ್ಧ ಕೆಲಸ ಮುಗಿಯಿತು. ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದಲ್ಲ. ಸ್ವಲ್ಪ ಹೊತ್ತು ಅವನೊಬ್ಬನನ್ನೇ ಮಾತಾಡಲು ಬಿಡಿ. ದನಿಗಳು ‘ಸಾಯಿ’ ಎನ್ನುತ್ತವೆ ಎಂಬುದನ್ನು ಅಣ್ಣನ ಎದುರು ಹೇಳುವುದಿಲ್ಲ.

ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ನಿದ್ದೆ ಕೂಡುತ್ತದೆ, ಸಿಡುಕು ತಗ್ಗುತ್ತದೆ. ದನಿ, ಸಂಶಯ ಇಳಿಯಲು ಎರಡರಿಂದ ಆರು ವಾರ ಬೇಕು. ಹತ್ತನೇ ದಿನಕ್ಕೇ ‘ಕೆಲಸ ಮಾಡಲಿಲ್ಲ’ ಎಂದು ಇನ್ನೊಬ್ಬ ಡಾಕ್ಟರರನ್ನು ಹುಡುಕುವುದೇ ಹೆಚ್ಚು ಮನೆಗಳಲ್ಲಿ ಆಗುವ ತಪ್ಪು.

ದುಡ್ಡಿಲ್ಲದೆಯೂ ದಾರಿಯಿದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜನರ ಬಾಯಲ್ಲಿ ಇನ್ನೂ ವಿಮ್ಸ್ ಆಗಿಯೇ ಇರುವ ಬಳ್ಳಾರಿಯ ಆಸ್ಪತ್ರೆ ಇದ್ದೇ ಇವೆ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಊರ ಹತ್ತಿರವೇ ಚಿಕಿತ್ಸೆ ಎಂಬ ಈ ಯೋಚನೆ ನಮ್ಮ ಸೀಮೆಗೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಅದನ್ನು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ.

ನೀರು ಸಹ ಬಿಟ್ಟರೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಲು ಬಂದರೆ, ಸಾಯುವ ಮಾತಾಡಿದರೆ ವಿಡಿಯೊ ಬೇಡ. 108 ಅಥವಾ 112.

ಪ್ರಶ್ನೆ: ಮನೆಯವರಿಗೆ ಹಾಲೊಪೆರಿಡಾಲ್ ಶುರುಮಾಡಿ ಮೂರನೇ ದಿನ ಕತ್ತು ಒಂದು ಪಕ್ಕಕ್ಕೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತು. ಅತ್ತೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಮಾತ್ರೆ ನಿಲ್ಲಿಸಿದ್ದೇವೆ. — ಕುಷ್ಟಗಿ

ಉತ್ತರ: ಗಾಳಿಯಲ್ಲ, ಮಾತ್ರೆಯದೇ ಅಡ್ಡಪರಿಣಾಮ. ಇದಕ್ಕೆ ಡಿಸ್ಟೋನಿಯಾ ಎನ್ನುತ್ತಾರೆ. ಹಾಲೊಪೆರಿಡಾಲ್‌ನಂಥ ಆಂಟಿಸೈಕೋಟಿಕ್ ಔಷಧಿಗಳು ಮೆದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಕೂರುವ ಜಾಗಗಳನ್ನು ಮುಚ್ಚುತ್ತವೆ. ಸುಮಾರು 65ರಿಂದ 80 ಶೇಕಡಾ ಮುಚ್ಚಿದರೆ ದನಿ, ಸಂಶಯ ತಗ್ಗುತ್ತವೆ. ಅದರಾಚೆ ಹೋದರೆ ಸ್ನಾಯುಗಳನ್ನು ನಡೆಸುವ ಭಾಗಕ್ಕೂ ಡೋಪಮಿನ್ ಸಾಲದೆ ಕತ್ತು, ನಾಲಿಗೆ, ದವಡೆ ಹಿಡಿದುಕೊಳ್ಳುತ್ತವೆ. ಹರೆಯದ ಗಂಡಸರಲ್ಲಿ, ಶುರುವಿನ ಮೊದಲ ವಾರದಲ್ಲೇ ಜಾಸ್ತಿ. ಯಾವ ಆಸ್ಪತ್ರೆಗೆ ಹೋದರೂ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕತ್ತು ಸಡಿಲವಾಗುತ್ತದೆ. ತಿಂದ ಮಾತ್ರೆಯ ಸ್ಟ್ರಿಪ್ ತೋರಿಸಿ. ಇಲ್ಲದಿದ್ದರೆ ಫಿಟ್ಸ್ ಎಂದೋ ಧನುರ್ವಾಯು ಎಂದೋ ತಿಳಿದು ಬೇರೆ ಚಿಕಿತ್ಸೆ ನಡೆಯಬಹುದು. ಆಮೇಲೆ ಬರೆದ ಡಾಕ್ಟರರಿಗೆ ಅವತ್ತೇ ತಿಳಿಸಿ. ಅವರು ಪ್ರಮಾಣ ಇಳಿಸಬಹುದು, ಟ್ರೈಹೆಕ್ಸಿಫೆನಿಡಿಲ್ ಸೇರಿಸಬಹುದು, ಔಷಧಿಯನ್ನೇ ಬದಲಿಸಬಹುದು. ನೀವಾಗಿ ನಿಲ್ಲಿಸಿ ಸುಮ್ಮನೆ ಕೂತರೆ ಕಾಯಿಲೆ ಮತ್ತೆ ಮರಳುತ್ತದೆ.

ಒಂದು ಕಡೆ ಕೂರಲಾಗದೆ ಅಂಗಳದಲ್ಲಿ ಶತಪಥ ತಿರುಗುವುದೂ ಇಂಥದೇ ಅಡ್ಡಪರಿಣಾಮ. ರೋಗ ಹೆಚ್ಚಾಯಿತೆಂದು ಮಾತ್ರೆ ಏರಿಸಿದರೆ ಇನ್ನೂ ಕೆಡುತ್ತದೆ. ವಿಡಿಯೊದಲ್ಲಿ ಕುರ್ಚಿ ಮೇಲೆ ಕೂತ ಎರಡು ನಿಮಿಷದಲ್ಲಿ ಇದು ಕಾಣುವುದಿಲ್ಲ. ಮೊಬೈಲನ್ನು ಗೋಡೆಗೆ ಒರಗಿಸಿ, ರೋಗಿ ಎದ್ದು ನಡೆದು ತಿರುಗುವುದನ್ನು, ಎರಡೂ ಕೈ ಮುಂದೆ ಚಾಚುವುದನ್ನು ತೋರಿಸಿ. ಆದರೆ ಜ್ವರ ಏರಿ, ಮೈ ಕಟ್ಟಿಗೆಯಂತೆ ಸೆಟೆದು, ಮಾತು ತೊದಲಿ ಗೊಂದಲವಾದರೆ ಅದು ಪ್ರಾಣಕ್ಕೆ ಕುತ್ತು. ಮುಂದಿನ ಮಾತ್ರೆ ಕೊಡದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಅಣ್ಣ ಹತ್ತು ವರ್ಷದಿಂದ ಸಿ.ಎಚ್. ಪೌಡರ್ ಹೆಂಡ ಕುಡಿಯುತ್ತಿದ್ದ. ಮೊನ್ನೆ ಬಿಟ್ಟ. ಈಗ ಗೋಡೆಯಲ್ಲಿ ಹುಳ ಹರಿದಾಡುತ್ತವೆ ಅನ್ನುತ್ತಾನೆ. ಆನ್‌ಲೈನ್‌ನಲ್ಲಿ ಓಲಾಂಜಪಿನ್ ಬರೆಸಿಕೊಳ್ಳಬಹುದೇ? — ಮಾನ್ವಿ

ಉತ್ತರ: ಬೇಡ, ಇವತ್ತೇ ರಿಮ್ಸ್‌ಗೆ ಕರೆದೊಯ್ಯಿರಿ. ಆ ಪುಡಿ ಕ್ಲೋರಲ್ ಹೈಡ್ರೇಟ್, ಮಂಪರು ತರಿಸುವ ವಸ್ತು. ವರ್ಷಗಟ್ಟಲೆ ಕುಡಿದು ಥಟ್ಟನೆ ಬಿಟ್ಟರೆ ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರುತ್ತವೆ. ನೋಡಲು ದನಿ, ಸಂಶಯದ ಕಾಯಿಲೆಯಾದ ಸೈಕೋಸಿಸ್‌ನಂತಿದ್ದರೂ ಚಿಕಿತ್ಸೆ ಬೇರೆ. ಓಲಾಂಜಪಿನ್‌ನಂಥ ಆಂಟಿಸೈಕೋಟಿಕ್ ಮಾತ್ರೆಗಳು ಫಿಟ್ಸ್ ಬರುವ ಸಾಧ್ಯತೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಪ್ರಶ್ನೆ: ಮಗ ಮಾತ್ರೆ ಬೇಡ ಅಂತಾನೆ. ಮಜ್ಜಿಗೆಯಲ್ಲಿ ಅರೆದು ಕೊಡಬಹುದೇ? — ಸಂಡೂರು

ಉತ್ತರ: ಊಟದಲ್ಲಿ ವಿಷ ಹಾಕುತ್ತಾರೆ ಎಂಬ ಸಂಶಯ ಇರುವವನಿಗೆ ಗೊತ್ತಾದರೆ ಆ ಸಂಶಯ ನಿಜವಾದಂತೆಯೇ. ನಿಧಾನ ಕರಗುವ ಮಾತ್ರೆಯನ್ನಂತೂ ಅರೆಯಲೇಬಾರದು. ಬಾಯಲ್ಲಿ ಕರಗುವ ಮಾತ್ರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆಯ ಇಂಜೆಕ್ಷನ್ ಇವೆ. ಅವನಿಗೆ ಹೇಳಿ ಒಪ್ಪಿಸುವ ಬಗೆಯನ್ನು ಡಾಕ್ಟರರ ಜೊತೆ ಕೂತು ಯೋಚಿಸಿ.

ಪ್ರಶ್ನೆ: ಗಂಡ ಎಂಟು ತಿಂಗಳಿಂದ ಓಲಾಂಜಪಿನ್ 10 ತಗೊಂಡು ಆರಾಮಿದ್ದಾರೆ, ಆದರೆ 9 ಕೆ.ಜಿ. ಏರಿದ್ದಾರೆ. ಬೇಸಿಗೆಗೆ ಪುಣೆಗೆ ಸೆಂಟ್ರಿಂಗ್ ಕೆಲಸಕ್ಕೆ ಗುಳೆ ಹೋಗುತ್ತೇವೆ. ಮಾತ್ರೆ ನಿಲ್ಲಿಸಲೇ? — ಲಿಂಗಸುಗೂರು

ಉತ್ತರ: ಆರಾಮಿರುವುದು ಮಾತ್ರೆಯಿಂದಲೇ. ಮೊದಲ ಸಲದ ಕಾಯಿಲೆಗೂ ಗುಣವಾದ ಮೇಲೆ ಕನಿಷ್ಠ ಒಂದೆರಡು ವರ್ಷ ಬೇಕು. ಬಿಡುವುದಾದರೂ ತಿಂಗಳುಗಟ್ಟಲೆ ಇಳಿಸುತ್ತ ಬಿಡಬೇಕು. ತೂಕದ ದೂರು ನಿಜವಾದದ್ದು. ಈ ಮಾತ್ರೆ ಹಸಿವು ಹೆಚ್ಚಿಸುತ್ತದೆ, ಶುಗರ್ ಏರಿಸುತ್ತದೆ. ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತೂಕ, ಸೊಂಟದ ಸುತ್ತಳತೆ, ಬಿ.ಪಿ., ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್ ನೋಡಬೇಕು. ವಿಡಿಯೊ ಚಿಕಿತ್ಸೆಯಲ್ಲಿ ಬಿಟ್ಟುಹೋಗುವುದು ಇದೇ: ಪರದೆಯಲ್ಲಿ ಮುಖ ಕಾಣುತ್ತದೆ, ಸೊಂಟ ಕಾಣುವುದಿಲ್ಲ. ಅಳತೆಗಳನ್ನು ಕಳಿಸಿ, ಅರಿಪಿಪ್ರಜೋಲ್‌ನಂಥ ತೂಕ ಕಡಿಮೆ ಏರಿಸುವ ಮಾತ್ರೆಗೆ ಬದಲಿಸಬಹುದೇ ಎಂದು ಕೇಳಿ. ಗುಳೆ ಹೋಗುವ ಹೊತ್ತಿಗೆ ಮಾತ್ರ ಬದಲಿಸಬೇಡಿ. ಒಂದೆರಡು ತಿಂಗಳು ಮೊದಲೇ ಆಗಲಿ.

ಬಿಸಿಲಲ್ಲಿ ಎಚ್ಚರ. ಈ ಔಷಧಿಗಳು ಮೈಯ ಬಿಸಿ ಸಂಭಾಳಿಸುವುದನ್ನು ಕೆಡಿಸುತ್ತವೆ, ಜೊತೆಗೆ ಟ್ರೈಹೆಕ್ಸಿಫೆನಿಡಿಲ್ ಇದ್ದರೆ ಬೆವರೂ ಕಡಿಮೆ. ನೀರು ಜೊತೆಗಿರಲಿ, ನಡುಮಧ್ಯಾಹ್ನ ನೆರಳಿನ ಕೆಲಸ ಕೇಳಿಕೊಳ್ಳಲಿ. ಬೀಡಿ ಸೇದುತ್ತಿದ್ದರೆ ಡಾಕ್ಟರರಿಗೆ ಹೇಳಿ. ಬೀಡಿಯ ಹೊಗೆಯಿಂದ ಲಿವರ್ ಓಲಾಂಜಪಿನ್ ಅನ್ನು ಬೇಗ ಕರಗಿಸುತ್ತದೆ. ಬೀಡಿ ಥಟ್ಟನೆ ಬಿಟ್ಟರೆ ರಕ್ತದಲ್ಲಿ ಔಷಧಿ ಏರಿ ದಿನವಿಡೀ ತೂಕಡಿಕೆ. ಗುಟ್ಕಾ, ಜಗಿಯುವ ತಂಬಾಕಿನಲ್ಲಿ ಹೊಗೆಯಿಲ್ಲ, ಆದ್ದರಿಂದ ಈ ಲೆಕ್ಕ ಅವಕ್ಕಿಲ್ಲ.

ಹೊರಡುವ ವಾರ ಮೊದಲೇ ಮಾತಾಡಿ ಎರಡು ತಿಂಗಳ ಮಾತ್ರೆ ಕೇಳಿ. ಚೀಟಿಯ ಫೋಟೊ ನಿಮ್ಮಿಬ್ಬರ ಮೊಬೈಲಿನಲ್ಲೂ ಇರಲಿ. ಮಾತ್ರೆಗಳನ್ನು ತಗಡಿನ ಶೆಡ್ಡಿನ ಬಿಸಿ ತಾಕದ ಕಡೆ ಇಡಿ. ಒಂದು ರಾತ್ರಿ ಮರೆತರೆ ಮರುದಿನ ಎರಡು ನುಂಗಿಸಬೇಡಿ, ಎಂದಿನ ಒಂದೇ ಸಾಕು.