ನಾಣ್ಯದ ಮೇಲಿರುವ ಆಂಟೋನಿನಸ್ ಯಾರು?

ಪ್ರಶ್ನೆ: ನನ್ನ ಬಳಿ ಸುಮಾರು 18 ಮಿಲಿಮೀಟರ್ ಅಗಲದ, 3.2 ಗ್ರಾಂ ತೂಕದ ರೋಮನ್ ಬೆಳ್ಳಿ ನಾಣ್ಯವೊಂದಿದೆ. ಮುಂಬದಿಯಲ್ಲಿ ಎಲೆಮಾಲೆ ಧರಿಸಿದ ಯುವಕನ ಮುಖ, ಸುತ್ತ ‘ಆಂಟೋನಿನಸ್ ಪಿಯಸ್ ಆಗ್’ ಎಂಬ ಅಕ್ಷರಗಳಿವೆ. ಹಿಂಬದಿಯಲ್ಲಿ ಈಟಿ ಹಿಡಿದು ಗುರಾಣಿಗೆ ಒರಗಿ ನಿಂತ ಯೋಧನಿದ್ದಾನೆ. ಅಲ್ಲಿ ‘ಪಾಂಟಿಫ್’, ‘ಟಿ ಆರ್ ಪಿ’, ಒಂದು ‘ವಿ’ ಮತ್ತು ನಾಲ್ಕು ಗೆರೆ, ಕೊನೆಗೆ ‘ಸಿ ಓ ಎಸ್’ ಮತ್ತು ಎರಡು ಗೆರೆ ಕಾಣುತ್ತವೆ. ಇದು ಆಂಟೋನಿನಸ್ ಪಿಯಸ್ ಚಕ್ರವರ್ತಿಯದೇ ಆಗಿದ್ದರೆ ಮುಖ ಇಷ್ಟು ಎಳೆಯದಾಗಿರುವುದೇಕೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಆಂಟೋನಿನಸ್ ಪಿಯಸ್ 138ರಲ್ಲಿ ಪಟ್ಟಕ್ಕೆ ಬಂದಾಗಲೇ ಐವತ್ತು ದಾಟಿದ್ದವನು; ಅವನ ನಾಣ್ಯಗಳಲ್ಲಿ ಗಡ್ಡ ತುಂಬಿದ, ಉದ್ದನೆಯ, ಶಾಂತ ಮುಖವಿರುತ್ತದೆ. ನಿಮ್ಮಲ್ಲಿರುವುದು ಚಕ್ರವರ್ತಿ ಕ್ಯಾರಕಲ್ಲನ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ.

ಗೊಂದಲಕ್ಕೆ ಕಾರಣ ಆ ಹೆಸರೇ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ತಾನು ಆಂಟೋನಿನಸ್ ಪಿಯಸನ ಉತ್ತರಾಧಿಕಾರಿ ಮಾರ್ಕಸ್ ಅರೇಲಿಯಸನ ದತ್ತುಪುತ್ರನೆಂದು ಘೋಷಿಸಿಕೊಂಡು, ಜನರ ಗೌರವಕ್ಕೆ ಪಾತ್ರವಾಗಿದ್ದ ಆ ಮನೆತನದ ಹೆಸರನ್ನು ತನ್ನ ಹಿರಿಯ ಮಗ ಕ್ಯಾರಕಲ್ಲನಿಗೂ ಇಟ್ಟನು. ಮುಂದೆ 218ರಲ್ಲಿ ಚಕ್ರವರ್ತಿ ಎಲಗಾಬಲಸ್ ತಾನು ಕ್ಯಾರಕಲ್ಲನ ಮಗನೆಂದು ಹೇಳಿಕೊಂಡು ಅದೇ ಹೆಸರನ್ನು ಧರಿಸಿದನು. ‘ಕ್ಯಾರಕಲ್ಲ’ ಎಂಬುದು ಸೆವೆರಸನ ಆ ಮಗ ತೊಡುತ್ತಿದ್ದ ನಿಲುವಂಗಿಯಿಂದ ಬಂದ ಅಡ್ಡಹೆಸರು. ಅದನ್ನು ನಾಣ್ಯದ ಮೇಲೆ ಹುಡುಕಿದರೆ ಸಿಗದು.

ಆದ್ದರಿಂದ ಪದಗಳ ಕ್ರಮವನ್ನು ಗಮನಿಸಬೇಕು. ಆಂಟೋನಿನಸ್ ಪಿಯಸನ ನಾಣ್ಯಗಳಲ್ಲಿ ಸಾಮಾನ್ಯವಾಗಿ ‘ಆಗ್’ (ಆಗಸ್ಟಸ್ ಎಂಬ ಚಕ್ರವರ್ತಿ ಬಿರುದು) ಮೊದಲು, ‘ಪಿಯಸ್’ ಆಮೇಲೆ. ಕ್ಯಾರಕಲ್ಲನಲ್ಲಿ ಅದು ತಿರುವುಮುರುವು. ಎಲಗಾಬಲಸನದೂ ಕ್ಯಾರಕಲ್ಲನ ಕ್ರಮವೇ, ಆದರೆ ಹೆಸರಿಗೆ ಮುಂಚೆ ಸಾಮಾನ್ಯವಾಗಿ ‘ಇಂಪ್’ (ಇಂಪರೇಟರ್ ಎಂಬ ಬಿರುದು) ಇರುತ್ತದೆ, ಹಿಂಬದಿಯ ಖಾಲಿ ಜಾಗದಲ್ಲಿ ಹಲವು ಬಾರಿ ಒಂದು ನಕ್ಷತ್ರವೂ ಇರುತ್ತದೆ. ಈ ಇಬ್ಬರೂ ಎಳೆಯರಾಗಿಯೇ ನಾಣ್ಯವೇರಿದವರಾದ್ದರಿಂದ ಮುಖವೊಂದನ್ನೇ ನಂಬಿದರೆ ಅನುಭವಸ್ಥರೂ ಎಡವುತ್ತಾರೆ.

ನಿಮ್ಮ ನಾಣ್ಯದ ಹಿಂಬದಿ ಇನ್ನೂ ಸ್ವಾರಸ್ಯಕರವಾಗಿದೆ. ಅಲ್ಲಿನ ಟಿಆರ್‌ಪಿ (ಟಿವಿಯವರದಲ್ಲ) ಎಂದರೆ ಟ್ರಿಬ್ಯೂನ್ ಎಂಬ ಜನಪ್ರತಿನಿಧಿಯ ಅಧಿಕಾರ. ಚಕ್ರವರ್ತಿಗಳು ಇದನ್ನು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಿದ್ದರು. ಕ್ಯಾರಕಲ್ಲನಿಗೆ ಅದು ಮೊದಲು ದೊರೆತದ್ದು 198ರಲ್ಲಿ, ಆದಕಾರಣ ‘ವಿ’ (ಐದು) ಮತ್ತು ನಾಲ್ಕು ಗೆರೆ ಸೂಚಿಸುವ ಒಂಬತ್ತನೆಯದು 206ಕ್ಕೆ ಬರುತ್ತದೆ. ‘ಸಿ ಓ ಎಸ್’ ಎಂದರೆ ಕಾನ್ಸಲ್ ಎಂಬ ಉನ್ನತ ಪದವಿ; ಅವನು ಎರಡನೆಯ ಬಾರಿ ಕಾನ್ಸಲ್ ಆದದ್ದು 205ರಲ್ಲಿ, ಮೂರನೆಯ ಬಾರಿ 208ರಲ್ಲಿ. ಹೀಗಾಗಿ ‘ಸಿ ಓ ಎಸ್’ ಮುಂದಿನ ಎರಡು ಗೆರೆಗಳೂ 206ಕ್ಕೆ ಹೊಂದುತ್ತವೆ. ಆಗ ಅವನಿಗೆ ಹದಿನೆಂಟರ ಆಸುಪಾಸು. ಒಂಬತ್ತನ್ನು ನಾವು ಇಂದು ಬರೆಯುವಂತೆ ಬರೆಯದೆ ನಾಲ್ಕು ಗೆರೆ ಎಳೆದಿರುವುದು ಅಚ್ಚು ಕೊರೆದವನ ತಪ್ಪಲ್ಲ, ಆ ಕಾಲದ ನಾಣ್ಯಗಳಲ್ಲಿ ಅದೇ ರೂಢಿ. ಯೋಧನಂತೆ ಕಾಣುವವನು ಯುದ್ಧದೇವತೆ ಮಾರ್ಸ್.

ತೂಕ ಸರಿಯಾಗಿದೆ. ಸೆವೆರಸನ ಕಾಲಕ್ಕೆ ಬೆಳ್ಳಿಯ ಪಾಲು ಸುಮಾರು ಅರ್ಧಕ್ಕೆ ಇಳಿದಿತ್ತಾದ್ದರಿಂದ ಹೊಳಪು ಮಂಕಾಗಿದೆಯೆಂಬ ಒಂದೇ ಕಾರಣಕ್ಕೆ ನಾಣ್ಯವನ್ನು ಖೋಟಾ ಎನ್ನಬೇಡಿ. ಆದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಸುತ್ತಲೂ ಒಂದೇ ಸಮನಾದ ಬೆಸುಗೆಯಂಥ ಗೆರೆಯಿದ್ದರೆ ಅದನ್ನು ಎರಕ ಹೊಯ್ದಿರುವ ಶಂಕೆ ಬರುತ್ತದೆ, ಬೆಳ್ಳಿ ಕಿತ್ತ ಕಡೆ ತಾಮ್ರದ ಕೆಂಪು ಅಥವಾ ಹಸಿರು ಇಣುಕಿದರೆ ಅದು ಬೆಳ್ಳಿ ಹೊದಿಸಿದ ತಾಮ್ರದ ನಾಣ್ಯವಾಗಿರಬಹುದು. ಅಂಥ ಖೋಟಾ ನಾಣ್ಯಗಳನ್ನು ರೋಮನ್ನರ ಕಾಲದಲ್ಲೇ ಮಾಡುತ್ತಿದ್ದರು, ಅವನ್ನೂ ಸಂಗ್ರಹಕಾರರು ಕೂಡಿಡುತ್ತಾರೆ. ಪರೀಕ್ಷೆಯ ನೆಪದಲ್ಲಿ ಉಜ್ಜಿ ತೊಳೆಯಲು ಮಾತ್ರ ಹೋಗಬೇಡಿ.